ಆಳಕ್ಕ ಕಾಲಂ ಇರಲಿಲ್ಲ

ನವನಗರ, ಸೆಕ್ಟರ್ ನಲವತ್ತೇಳು.
ಔಷಧ ಅಂಗಡಿಯ ಮ್ಯಾಲ ಎರಡು ಖೋಲಿ.
ಬಾಗವಾನ ಡಾಕ್ಟರಮ್ಮ ಫೈಲು ತೆಗೆದು ಕೇಳತಾರ:
"ಮತ್ತ ಅದ ಬಿತ್ತೇನ್ರಿ ಕನಸು?"

ಬಿತ್ರಿ.
ಹಿಂಗ ಅನ್ನೂವಾಗೆಲ್ಲ ನನಗ ಒಂದು ಸಂಶೆ:
ಕನಸು ಬೀಳತೈತಿ ಅಂತೀವಲ್ಲ,
ಬೀಳೂದು ಕನಸೋ, ನಾವೋ?

ಕೆಂಪು ಬಣ್ಣದ ಡಬ್ಬಿ ಹಿಡಿದು
ಹಳೇ ಬಾಗಲಕೋಟಿಯ ಓಣಿ ಓಣಿ ತಿರುಗಿದಾಂವ ನಾನು.
ಮುಳುಗೂ ಮನಿಗೆ ನಂಬರ ಬರಿಯೂದು ನನ್ನ ನೌಕರಿ.
ಹೊಸ್ತಿಲದ ಬಲಕ್ಕ, ಗೇಣಿನಷ್ಟು ದೊಡ್ಡದು.
ಕೆಲವರು ಚಾ ಕೊಟ್ಟರು. ಒಬ್ಬಾಕಿ ಮಾತ್ರ
ಬಣ್ಣ ಆರೂತನಕ ಅದರ ಬದಿಗೆ ಅಂಗೈ ಇಟ್ಟು ನಿಂತಳು,
ಗ್ವಾಡಿಗೆ ಜ್ವರಾ ಬಂದೈತೇನು ಅಂತ ನೋಡೂವರಂಗ.

ಫಾರ್ಮಿನಾಗ ಉದ್ದ ಇತ್ತು, ಅಗಲ ಇತ್ತು, ಎತ್ತರ ಇತ್ತು,
ಬಾಗಲ ಎಷ್ಟು, ಕಿಡಕಿ ಎಷ್ಟು,
ಬೇವಿನ ಗಿಡ ಇದ್ದರ ಅದಕ್ಕೂ ಒಂದು ಸಾಲು.
ಕಿಲ್ಲಾ ಓಣಿಯ ತಂಗೆವ್ವ ಪಡಸಾಲಿ ಕಸಾ ಹೊಡೆದು
ಚಪ್ಪಡಿ ಸರಿಸಿ ತೋರಿಸಿದಳು: "ಹಗೇವು ಐತ್ರಿ.
ನಮ್ಮತ್ತಿಯ ಅತ್ತಿ ತೋಡಿಸಿದ್ದು. ಬರಕೊಳ್ರಿ."
"ಆಳಕ್ಕ ಕಾಲಂ ಇಲ್ಲವ್ವಾ" ಅಂದೆ.
ಅಂದು, ಟೇಪು ಸುತ್ತಿದೆ.

ಇಪ್ಪತ್ತೈದು ವರ್ಷದ ಮ್ಯಾಲ
ಆ ಟೇಪು ಈಗ ಬಿಚ್ಚಲಿಕ್ಕತ್ತೈತಿ.
ಕನಸಿನಾಗ ನೀರಿಲ್ಲ, ಅದ ಸೋಜಿಗ.
ಹೊಳಿ ತನ್ನ ಹಾಸಿಗಿ ಸುತ್ತಿಟ್ಟು ಎಲ್ಲೋ ಹೋಗೈತಿ.
ಹಗೇವಿನ ಬಾಯಾಗ ಕುಂತು ಟೇಪು ಬಿಡತೀನಿ:
ಹತ್ತು ಮೀಟರ್, ಮೂವತ್ತು, ಆಮ್ಯಾಲ ಅಂಕಿನ ಇಲ್ಲ,
ಬರೇ ಹಳದಿ ಪಟ್ಟಿ, ಇಳಿದು ಇಳಿದು ಇಳಿದು...
ಹಳೇ ಜ್ವಾಳದ ವಾಸನಿ ಮೂಗಿಗೆ ಬಡದು ಏಳತೀನಿ.

ನಮ್ಮ ಸೋದರತ್ತಿ ಇದ್ದಿದ್ದರ ಅರ್ಥ ತುದಿನಾಲಿಗಿ ಮ್ಯಾಲ ಇರತಿತ್ತು:
ಹಲ್ಲು ಬಿದ್ದರ ಸಾವು, ಹಾವು ಕಚ್ಚಿದರ ರೊಕ್ಕ,
ಕುಣಿ ಕಂಡರ ಸೋಮವಾರ ಒಪ್ಪತ್ತು.
ಡಾಕ್ಟರಮ್ಮನ ಹತ್ರ ಅಂಥ ಯಾದಿ ಇಲ್ಲ.
ಫ್ಯಾನು ಸಣ್ಣ ಮಾಡಿ, ಬಾಳೊತ್ತು ಸುಮ್ಮನಿದ್ದು
ಒಂದ ಮಾತು ಕೇಳಿದರು:
"ಟೇಪಿನ ಇನ್ನೊಂದು ತುದಿ ಯಾರು ಹಿಡದಾರ?"

ಮೂವತ್ತೆರಡು ವರ್ಷ ಅಳತಿ ಮಾಡಿದಾಂವ ನಾ,
ಟೇಪಿಗೆ ಇಬ್ಬರು ಬೇಕು ಅನ್ನೂದನ್ನ ಮರತಿದ್ದೆ.

"ತಂಗೆವ್ವ" ಅಂದೆ. ಅವರು ಬರಕೊಳ್ಳಲಿಲ್ಲ.
"ಸರಕಾರ" ಅಂದೆ. ಪೆನ್ನು ಏಳಲಿಲ್ಲ.
ಮತ್ತೊಂದು ಹೆಸರು ಗಂಟಲತನಕ ಬಂತು,
ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದೆ.

ಹಗೇವು ತೆರೆದ ಕೂಡಲೆ ಇಳಿಬಾರದು.
ಇದು ಪುಸ್ತಕದ ಮಾತಲ್ಲ, ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.
ಮುಚ್ಚಿಟ್ಟ ಕಾಳು ಒಳಗ ಉಸಿರಾಡಿ ಉಸಿರಾಡಿ
ಇದ್ದ ಗಾಳಿನೆಲ್ಲ ತಿಂದಿರತೈತಿ.
ಮೊದಲ ಹಗ್ಗಕ್ಕ ಕಟ್ಟಿ ಕಂದೀಲು ಬಿಡಬೇಕು.
ಆರಿದರ ಕಾಯಬೇಕು, ಮರುದಿನ ಮತ್ತ ಬಿಡಬೇಕು.
ಬುಧವಾರಕ್ಕೊಮ್ಮೆ ನಾ ಆ ಮೆಟ್ಟಲ ಹತ್ತೂದು ಇದಕ್ಕ.
ಹತ್ತಿ, ಇಳೀಲಿಕ್ಕ.

ಮೇ ತಿಂಗಳಾಗ ಹೊಳಿ ಹಿಂದ ಸರದಾಗ ಹೋಗಿ ನೋಡಿದೆ.
ಓಣಿ ಬರೇ ಬುನಾದಿ ಗೆರಿ ಆಗಿ ಉಳದೈತಿ,
ಯಾರೋ ನಕಾಶಿ ಬರದು ಅರ್ಧಕ್ಕ ಬಿಟ್ಟಂಗ.
ಹಗೇವು ಹುಡುಕಿದೆ. ರಾಡಿ ತುಂಬಿ ಎಲ್ಲಾ ಸಪಾಟು.
ಬಲಿ ಒಣಗಿಸೂ ಹುಡುಗ ಕೇಳಿದ, "ಏನ್ ಕಳದೀರಿ ಕಾಕಾ?"
ಚಾವಿ ಅಂತ ಸುಳ್ಳು ಹೇಳಿದೆ.
ಪಾಪ, ಅಂವನೂ ಬಗ್ಗಿ ಹುಡುಕಿದ.

ನಿನ್ನಿ ರಾತ್ರಿ ಮತ್ತ ಬಿತ್ತು.
ಈ ಸಲ ಟೇಪು ಬಿಡೂದು ನಿಲ್ಲಿಸಿ ಒಂಚೂರು ಜಗ್ಗಿದೆ.
ಕೆಳಗಿಂದ ಯಾರೋ ಎರಡು ಸಲ ಜಗ್ಗಿದರು.
ಅಳತಿ ಮಂದಿಯ ಸನ್ನೆ ಅದು:
ಮುಟ್ಟೈತಿ, ಬರಕೋ.

ಬರಿಯಾಕ ನೋಡಿದರ
ಕೈಯಾಗ ಇದ್ದದ್ದು ಅದ ಬ್ರಷ್ಷು,
ಕೆಂಪು ಇನ್ನೂ ಹಸಿ.